ಚಂದ್ರನಿಗೂ ಒಂದು ಪಹಣಿ

ಚಂದ್ರನ ಗಣಿ ಸುದ್ದಿ ಮತ್ತೆ ಬಂದಿದೆ, ನೀವೂ ಓದಿರುತ್ತೀರಿ. ಅಮೆರಿಕ, ಚೀನಾ, ನಾವು, ಎಲ್ಲರ ಕಣ್ಣೂ ದಕ್ಷಿಣ ಧ್ರುವದ ಮೇಲೆ. ಅಲ್ಲಿ ಬಿಸಿಲು ಕಾಣದ ಕುಳಿಗಳಲ್ಲಿ ಮಂಜುಗಡ್ಡೆ ಇದೆ. ನೀರು ಮಾಡಿ ಜಲಜನಕ, ಆಮ್ಲಜನಕ ಅಂತ ಒಡೆದರೆ ರಾಕೆಟ್ಟಿಗೆ ಇಂಧನ. ಪಕ್ಕದಲ್ಲೇ ವರ್ಷದ ಬಹುಪಾಲು ಬಿಸಿಲು ಬೀಳುವ ಗುಡ್ಡದ ತುದಿಗಳಿವೆ, ಸೋಲಾರ್ ಹಾಕಲು. ಅಂಥವು ಇರೋದೇ ಕೆಲವು. ಅದಕ್ಕೇ ಈ ಓಟ. ಬಿಸಿಲಿಗಾಗಿ ಇಷ್ಟು ಕಿತ್ತಾಟ ಅಂತ ಗೊತ್ತಿದ್ದರೆ ಕಲಬುರಗಿಯವರು ಮೇ ತಿಂಗಳದ್ದನ್ನು ಮೂಟೆ ಕಟ್ಟಿ ಕೊಡುತ್ತಿದ್ದೆವು.

ಚಂದ್ರನ ಮಣ್ಣಿನಲ್ಲಿ ಹೀಲಿಯಂ-3 ಕೂಡ ಇದೆ, ಮುಂದೆ ಪರಮಾಣು ಇಂಧನ ಆದೀತು ಅನ್ನುವ ಅನಿಲ. ಅದನ್ನು ಬಳಸಿ ಕರೆಂಟ್ ಕೊಡುವ ರಿಯಾಕ್ಟರ್ ಇನ್ನೂ ಎಲ್ಲೂ ಇಲ್ಲ. ಒಲೆ ಹೂಡುವ ಮೊದಲೇ ಕಟ್ಟಿಗೆಗೆ ಜಗಳ.

ನನಗೆ ಹಿಡಿಸಿದ್ದು ಒಂದು ಡಾಲರ್ ವ್ಯವಹಾರ. 2020ರಲ್ಲಿ ನಾಸಾ ಚಂದ್ರನ ಮಣ್ಣು ಕೊಳ್ಳಲು ಹೊರಟಿತು. ಒಂದು ಕಂಪನಿ 1 ಡಾಲರಿಗೆ ಕೊಡ್ತೀನಿ ಅಂತು. ಒಪ್ಪಂದವೂ ಆಯ್ತು. ಮಣ್ಣು ಯಾರಿಗೆ ಬೇಕು? ಅಗೆದದ್ದನ್ನು ಮಾರಬಹುದು ಅಂತ ಒಂದು ಕಾಗದ ಆಗಬೇಕಿತ್ತು. ತಹಸೀಲ ಕಚೇರಿ ಮೆಟ್ಟಿಲು ಸವೆಸಿದ ನಮಗೆ ಈ ಬುದ್ಧಿ ಹೇಳಿಕೊಡಬೇಕಾ? 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರ ಯಾವ ದೇಶದ ಸ್ವತ್ತೂ ಅಲ್ಲ. ಸರಿ, ಜಾಗ ಯಾರದ್ದೂ ಅಲ್ಲ, ಅಗೆದದ್ದು ನಮ್ಮದು, ಅಂತ ಅಮೆರಿಕದ ಮುಂದಾಳತ್ವದಲ್ಲಿ ಆರ್ಟೆಮಿಸ್ ಒಪ್ಪಂದ ಬಂತು. ಅದರಲ್ಲಿ ‘ಸುರಕ್ಷತಾ ವಲಯ’ ಅಂತಲೂ ಇದೆ. ನಮ್ಮ ಕಡೆ ಮುಳ್ಳುಬೇಲಿ ಅಂತಾರೆ. 2023ರ ಜೂನಿನಲ್ಲಿ ನಾವೂ ಸಹಿ ಹಾಕಿದೆವು. ಚಂದ್ರನ ಸಂಪತ್ತು ಮನುಷ್ಯರಿಗೆಲ್ಲ ಸೇರಿದ್ದು ಅನ್ನುವ 1979ರ ಒಪ್ಪಂದಕ್ಕೂ ಹಿಂದೊಮ್ಮೆ ಸಹಿ ಹಾಕಿದ್ದೆವು. ಜಾಣರು ಅಲ್ವಾ ನಾವು?

ಶಹಾಬಾದಿನಲ್ಲಿ ಹೊಲ ನಿಮ್ಮದೇ, ಪಹಣಿಯಲ್ಲಿ ಹೆಸರೂ ನಿಮ್ಮದೇ. ಕೆಳಗಿನ ಫರ್ಸಿ ಎಬ್ಬಿಸಿ ಮಾರಬೇಕಂದ್ರೆ ಮಾತ್ರ ಪರವಾನಗಿ, ರಾಜಧನ. ಇರಲಿ. ನಮ್ಮ ಮನೆ ನೆಲವೂ ಅದೇ ಕಲ್ಲು. ಬೇಸಿಗೆ ಮಧ್ಯಾಹ್ನ ಒಂದು ಕೊಡ ನೀರು ಸುರಿದು ಒರೆಸಿ, ಚಾಪೆಯೂ ಇಲ್ಲದೆ ಅಡ್ಡಾದರೆ ಬೆನ್ನಿಗೆ ಎಂಥ ಸುಖ! ಆ ಕಲ್ಲು ಬಂದ ಗಣಿ ನೋಡಿದ್ದೇನೆ. ಕಲ್ಲು ಮುಗಿದ ಮೇಲೆ ಹಾಗೇ ಬಿಟ್ಟು ಹೋಗಿದ್ದಾರೆ. ಹಸಿರು ನೀರು ನಿಂತಿದೆ. ಬೇಲಿಯಿಲ್ಲ, ಬೋರ್ಡಿಲ್ಲ. ದಂಡೆಯಲ್ಲೇ ಸಣ್ಣ ಹುಡುಗರು ಆಡು ಮೇಯಿಸುತ್ತಾರೆ. ಕೇಳಿದರೆ ಲೀಸು ಮುಗಿದಿದೆ ಅಂತಾರೆ. ಅಗೆದದ್ದು ಅವರದ್ದು, ಹೊಂಡ ಯಾರದ್ದೂ ಅಲ್ಲ. ನಾಚಿಕೆ ಆಗಲ್ವಾ ಇವರಿಗೆ?

ಚಹಾ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದೆ. ಫರ್ಸಿ ಹೇರುವ ಟ್ರ್ಯಾಕ್ಟರಿನ ಡ್ರೈವರ್ ಪೂರ್ತಿ ಕೇಳಿಸಿಕೊಂಡು ಕಪ್ಪು ಕೆಳಗಿಟ್ಟ.

“ಬಾಡಿಗಿ ಹೆಂಗಂತ್ರೀ? ಡೀಸೆಲ್ ಅವರದಾ, ನಮ್ದಾ?”