ಬಾರದವರ ಹಾಜರಿ

ತಂಗಿಯ ಮದುವೆ ಅಂತ ನನ್ನ ಸೋದರಮಾವನ ಮಗ ಜನವರಿಯಲ್ಲಿ ಲಂಡನ್ನಿನಿಂದ ಬಂದಿದ್ದ. ಮದುವೆಗೆ ಇನ್ನು ನಾಲ್ಕು ದಿನ. ಶನಿವಾರ ರಾತ್ರಿ ಎಂಟೂವರೆಗೆ ನಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತು, ಕೋಡುಬಳೆ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು, ಅವನ ಕ್ಲಬ್ಬಿನ ಫುಟ್‌ಬಾಲ್ ಮ್ಯಾಚ್ ನೋಡುತ್ತಿದ್ದ. ಎರಡನೇ ಹಾಫಿನಲ್ಲಿ ಕಾಮೆಂಟರಿಯವನು ಇವತ್ತು ಬಂದಿರುವ ಜನ ಇಷ್ಟು ಅಂತ ಒಂದು ಅಂಕಿ ಹೇಳಿದ. ಐವತ್ತು ಚಿಲ್ಲರೆ ಸಾವಿರ. ಇವನು ಕಡಿಯುತ್ತಿದ್ದ ಕೋಡುಬಳೆಯನ್ನು ಹಾಗೇ ಹಿಡಿದುಕೊಂಡು, "ಅದ್ರಲ್ಲಿ ನಾನೂ ಒಬ್ಬ ಕಣೋ" ಅಂದ.

ತಮಾಷೆ ಅಂದುಕೊಂಡೆ. ಅಲ್ಲವಂತೆ. ಅವನ ಹತ್ತಿರ ಸೀಸನ್ ಟಿಕೆಟ್ ಇದೆ, ಅಂದರೆ ಇಡೀ ಸೀಸನ್ನಿನ ಹೋಮ್ ಗ್ರೌಂಡ್ ಪಂದ್ಯಗಳಿಗೆ ಒಟ್ಟಿಗೇ ಕೊಂಡ ಟಿಕೆಟ್. ವರ್ಷಕ್ಕೆ ನಮ್ಮ ದುಡ್ಡಿನಲ್ಲಿ ಲಕ್ಷ ದಾಟುತ್ತದೆ. ಇಂಗ್ಲೆಂಡಿನ ಕ್ಲಬ್ಬುಗಳು ಬಂದ ಜನರ ಲೆಕ್ಕ ಅಂತ ಕೂಗಿ ಹೇಳುವುದು ಮಾರಾಟವಾದ ಟಿಕೆಟ್ಟಿನ ಲೆಕ್ಕ. ಸೀಸನ್ ಟಿಕೆಟ್ ತಗೊಂಡವನು ಗ್ರೌಂಡಿಗೆ ಬಂದರೂ ಒಂದೇ, ಜ್ವರ ಬಂದು ಮಲಗಿದ್ದರೂ ಒಂದೇ, ಬೆಂಗಳೂರಿನಲ್ಲಿ ಕೋಡುಬಳೆ ತಿನ್ನುತ್ತಿದ್ದರೂ ಒಂದೇ. ದುಡ್ಡು ಬಂದಿದೆ, ಹಾಜರಿ ಬಿದ್ದಿದೆ. ಕಾಲೇಜಿನಲ್ಲಿ ನಾವು ಗೆಳೆಯನಿಗೆ ಪ್ರಾಕ್ಸಿ ಹಾಕಿ ಸಿಕ್ಕಿಬಿದ್ದರೆ ಪ್ರಿನ್ಸಿಪಾಲರ ಮುಂದೆ ನಿಲ್ಲಬೇಕಿತ್ತು. ಇಲ್ಲಿ ಖಾಲಿ ಕುರ್ಚಿಯ ಪ್ರಾಕ್ಸಿಯನ್ನು ಪ್ರಿನ್ಸಿಪಾಲರೇ ಮೈಕಿನಲ್ಲಿ ಕೂಗುತ್ತಾರೆ.

2018ರ ಮಾರ್ಚ್ 1ರಂದು ಲಂಡನ್ನಿನಲ್ಲಿ ಹಿಮ ಸುರಿದು ಊರೇ ಮರಗಟ್ಟಿತ್ತು. ಆರ್ಸೆನಲ್ ಕ್ಲಬ್ಬಿನ ಎಮಿರೇಟ್ಸ್ ಸ್ಟೇಡಿಯಮ್ಮಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಜೊತೆ ಪಂದ್ಯ. ಟಿವಿಯಲ್ಲಿ ನೋಡಿದವರಿಗೆ ಕಂಡಿದ್ದು ಸಾಲು ಸಾಲು ಕೆಂಪು ಕುರ್ಚಿ, ನಡುವೆ ಅಲ್ಲೊಬ್ಬ ಇಲ್ಲೊಬ್ಬ ಮಂಕಿ ಕ್ಯಾಪ್. ಘೋಷಿಸಿದ ಅಂಕಿ 58,420. ಆ ಕೊನೆಯ ಇಪ್ಪತ್ತು ನೋಡಿ. ಸುಳ್ಳು ಹೇಳುವವನು ಅರವತ್ತು ಸಾವಿರ ಅಂತ ಉಂಡೆಯಾಗಿ ಹೇಳಿಬಿಡುತ್ತಾನೆ. ಇವರದು ಸುಳ್ಳಲ್ಲ, ಲೆಕ್ಕ. ಸುಳ್ಳಿಗಾದರೆ ನಾಚಿಕೆ ಅಂತ ಒಂದು ಇರುತ್ತದೆ, ಲೆಕ್ಕಕ್ಕೆ ಅದೂ ಇಲ್ಲ.

ಇದೇ ಇಂಗ್ಲೆಂಡಿನಲ್ಲಿ ಇದರ ಉಲ್ಟಾ ಕೂಡ ನಡೆದಿದೆ, ಅದನ್ನು ಕೇಳಿದರೆ ನಗು ತಡೆಯಲಾಗುವುದಿಲ್ಲ. 1921ರ ಮೇ 7. ಸ್ಟಾಕ್‌ಪೋರ್ಟ್ ಕೌಂಟಿ ಅನ್ನುವ ತಂಡದ ಸ್ವಂತ ಗ್ರೌಂಡನ್ನು ಪ್ರೇಕ್ಷಕರ ಗಲಾಟೆಯ ಕಾರಣಕ್ಕೆ ಮುಚ್ಚಿಸಿದ್ದರು. ಹಾಗಾಗಿ ಲೆಸ್ಟರ್ ಸಿಟಿ ಜೊತೆಗಿನ ಅವರ ತವರಿನ ಪಂದ್ಯ ನಡೆದದ್ದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನಲ್ಲಿ. ಅದೇ ದಿನ, ಅದಕ್ಕೂ ಮೊದಲು, ಅದೇ ಅಂಗಳದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಪಂದ್ಯವಿತ್ತು. ಅದನ್ನು ನೋಡಿದ ಜನರಲ್ಲಿ ಸಾವಿರದಿಂದ ಎರಡು ಸಾವಿರ ಮಂದಿ, ಹೇಗೂ ಬಂದಿದ್ದೇವೆ, ಇದನ್ನೂ ನೋಡಿಬಿಡೋಣ ಅಂತ ಅಲ್ಲೇ ಉಳಿದರು. ಎರಡನೇ ಪಂದ್ಯಕ್ಕೆ ಅಂತಲೇ ಗೇಟಿನಲ್ಲಿ ದುಡ್ಡು ಕೊಟ್ಟು ಬಂದವರು 13 ಜನ. ದಾಖಲೆಯಲ್ಲಿ ಬರೆದುಕೊಂಡ ಪ್ರೇಕ್ಷಕರ ಸಂಖ್ಯೆಯೂ 13. ಪಂದ್ಯವೂ 0-0.

ಅಂದರೆ ಆಗ ಎದುರಿಗೇ ಕೂತು ಕೂಗುತ್ತಿದ್ದವರು ಲೆಕ್ಕದಲ್ಲಿ ಇರಲಿಲ್ಲ. ಈಗ ಲೆಕ್ಕದಲ್ಲಿ ಇರುವವರು ಎದುರಿಗೆ ಕೂತಿಲ್ಲ. ಎರಡಕ್ಕೂ ಕಾರಣ ಒಂದೇ, ಎಣಿಸುವವನ ಕಣ್ಣು ಯಾವಾಗಲೂ ಗಲ್ಲಾಪೆಟ್ಟಿಗೆ ಮೇಲೆ. ತಲೆ ಎಣಿಸಿ ಅಂತ ಅವನಿಗೆ ಯಾರೂ ಹೇಳೇ ಇಲ್ಲ.

ಹಳೇ ಕಾಲದ ಅಂಕಿಗಳನ್ನು ನೋಡಿದರೆ ಬೇರೆಯೇ ಮಜಾ. ಇಂಗ್ಲೆಂಡಿನ ಹಳೇ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಫೈನಲ್ 1923ರಲ್ಲಿ ಮೊದಲ ಸಲ ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ನಡೆಯಿತು, ಅಧಿಕೃತ ಲೆಕ್ಕ 1,26,047. ನಿಜವಾಗಿ ನುಗ್ಗಿದವರು ಎರಡು ಲಕ್ಷವೂ ಇರಬಹುದು ಅನ್ನುತ್ತಾರೆ. ಗೋಡೆ ಹಾರಿ ಬಂದವರನ್ನು ಎಣಿಸುವವರು ಯಾರು? ಆಟದ ಅಂಗಳದ ಮೇಲೇ ಜನ ನಿಂತಿದ್ದರು, ಬಿಳಿ ಕುದುರೆ ಹತ್ತಿ ಬಂದ ಪೊಲೀಸಿನವನು ಹಿಂದಕ್ಕೆ ತಳ್ಳಿದ ಮೇಲೆ ಆಟ ಶುರುವಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನಕ್ಕೆ ಹೊರಗೆ ಬಂದು ಉಸಿರಾಡುವ ಆಸೆ. 1948-49ರ ಒಂದೇ ಸೀಸನ್ನಿನಲ್ಲಿ ಫುಟ್‌ಬಾಲ್ ಲೀಗಿನ ಗೇಟುಗಳನ್ನು ದಾಟಿದವರು 4 ಕೋಟಿ 12 ಲಕ್ಷದಷ್ಟು.

ಆಗ ಇನ್ನೊಂದು ಪದ್ಧತಿ ಇತ್ತು. ಲೀಗ್ ಪಂದ್ಯದ ಗೇಟ್ ಹಣದಲ್ಲಿ ಒಂದು ಪಾಲನ್ನು ಬಂದ ತಂಡಕ್ಕೆ ಕೊಡಬೇಕು. ನಿಮ್ಮ ಹೊಲದ ಫಸಲಿನಲ್ಲಿ ಪಾಲುದಾರನಿಗೆ ಭಾಗ ಕೊಡಬೇಕು ಅಂದಾಗ ಮೂಟೆ ಎಷ್ಟಾಯಿತು ಅಂತ ನೀವು ಹೇಗೆ ಹೇಳುತ್ತೀರೋ ಹಾಗೆ. ಗ್ಯಾಲರಿಯಲ್ಲಿ ಸೂಜಿ ಬಿದ್ದರೆ ನೆಲಕ್ಕೆ ಹೋಗದಷ್ಟು ಜನ ಇದ್ದರೂ ಆತಿಥೇಯರು ಹೇಳುವ ಅಂಕಿ ಸೊರಗಿರುತ್ತದೆ ಅನ್ನುವ ಗುಸುಗುಸು ಇದ್ದೇ ಇತ್ತು. 1983ರಲ್ಲಿ ಈ ಪಾಲು ಕೊಡುವುದು ನಿಂತಿತು. ಗೇಟಿನ ದುಡ್ಡೆಲ್ಲ ತವರಿನವರಿಗೇ. ಇನ್ನು ಕಡಿಮೆ ಹೇಳಿ ಏನು ಲಾಭ? ಜಾಸ್ತಿ ಹೇಳಿದರೆ ಜಾಹೀರಾತಿನವನು ಖುಷಿಯಾಗುತ್ತಾನೆ.

ಆದರೆ ಹೇಳಿಕೊಳ್ಳಲು ಆ ಹೊತ್ತಿಗೆ ಜನವೇ ಇರಲಿಲ್ಲ. 1985-86ರಲ್ಲಿ ವರ್ಷದ ಲೆಕ್ಕ 1 ಕೋಟಿ 65 ಲಕ್ಷಕ್ಕೆ ಇಳಿದಿತ್ತು. ಬ್ರಾಡ್‌ಫರ್ಡಿನಲ್ಲಿ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಜನ ಸತ್ತಿದ್ದು 1985ರಲ್ಲೇ. ನಾಲ್ಕು ವರ್ಷದ ನಂತರ ಹಿಲ್ಸ್‌ಬರೋ ಸ್ಟೇಡಿಯಮ್ಮಿನಲ್ಲಿ ನೂಕುನುಗ್ಗಲು, ಒಟ್ಟು 97 ಸಾವು. ಇದರಲ್ಲಿ ತಮಾಷೆ ಮಾಡುವುದು ಏನೂ ಇಲ್ಲ. ನಿಂತು ನೋಡುವ ಗ್ಯಾಲರಿ ಬೇಡ, ದೊಡ್ಡ ಸ್ಟೇಡಿಯಮ್ಮುಗಳಲ್ಲಿ ಎಲ್ಲರಿಗೂ ಕುರ್ಚಿ ಹಾಕಿ ಅಂತ ಸರ್ಕಾರ ಹೇಳಿದ್ದು ಸರಿಯೇ. ಕುರ್ಚಿ ಬಂತು. ಅದರ ಹಿಂದೆ ದರವೂ ಏರಿತು, ಟಿವಿ ದುಡ್ಡೂ ಬಂತು, ಸೀಸನ್ ಟಿಕೆಟ್ಟಿಗೆ ವರ್ಷಗಟ್ಟಲೆ ಕಾಯುವ ಸರದಿಯೂ ಬಂತು. ಆದರೆ ಕುರ್ಚಿ ಬಂದ ದಿನದಿಂದ ಎಣಿಸುವವನು ಮನುಷ್ಯರನ್ನು ಬಿಟ್ಟು ಕುರ್ಚಿಯನ್ನು ಎಣಿಸತೊಡಗಿದ. ನಿಂತ ಮನುಷ್ಯ ಹೊರಟುಹೋದರೆ ಆ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಕುರ್ಚಿ ಉಳಿಯುತ್ತದೆ. ಅದಕ್ಕೆ ನಂಬರೂ ಇರುತ್ತದೆ.

ಇನ್ನು ಬೇರೆ ಊರಿಂದ ತಮ್ಮ ತಂಡದ ಹಿಂದೆ ಹೊರಟು ಬರುವವರ ಕಥೆ. ನಮ್ಮ ಪೇಪರಿನವರು ಹೋಮ್ ಗ್ರೌಂಡಿಗೆ 'ತವರಿನ ಅಂಗಳ' ಅಂತ ಚೆಂದದ ಹೆಸರು ಇಟ್ಟಿದ್ದಾರೆ. ಹಾಗಿದ್ದರೆ ಆ ಕಡೆಯಿಂದ ಬರುವವರು ಬೀಗರು, ಅಲ್ವಾ? ಬೀಗರಿಗೆ ನಾವು ಏನು ಮಾಡುತ್ತೇವೆ? ಬಾಗಿಲಲ್ಲಿ ಪನ್ನೀರು, ಒಳ್ಳೇ ರೂಮು, ಮೊದಲ ಪಂಕ್ತಿ. ನ್ಯೂಕಾಸಲ್‌ನವರು ಬೀಗರನ್ನು ಸ್ಟೇಡಿಯಮ್ಮಿನ ನೆತ್ತಿಯ ಮೇಲೆ ಕೂರಿಸುತ್ತಾರೆ. ಹತ್ತಕ್ಕೂ ಹೆಚ್ಚು ಸುತ್ತು ಮೆಟ್ಟಿಲು ಹತ್ತಬೇಕು. ಅಲ್ಲಿಂದ ಆಟಗಾರರು ಸಕ್ಕರೆ ಡಬ್ಬಿಯಲ್ಲಿನ ಇರುವೆ ಥರ ಕಾಣುತ್ತಾರೆ. ಲೂಟನ್ ಟೌನ್‌ನವರ ಹಳೇ ಗ್ರೌಂಡಿನಲ್ಲಿ ಬೀಗರ ಬಾಗಿಲು ಇರುವುದು ಸಾಲುಮನೆಗಳ ನಡುವೆ. ಯಾರದೋ ಮನೆಯೊಳಗೆ ನುಗ್ಗುತ್ತಿದ್ದೇವೆ ಅನ್ನಿಸುವ ಸಂದಿ, ಆಮೇಲೆ ಹಿತ್ತಲುಗಳ ಮೇಲೆ ಹಾದುಹೋಗುವ ಮೆಟ್ಟಿಲು, ಕೆಳಗೆ ಯಾರದೋ ಮನೆಯ ತೋಟ.

ಅದೇ ಲೂಟನ್‌ನವರು ಒಂದು ಕಾಲಕ್ಕೆ ಆ ಬಾಗಿಲನ್ನೂ ಮುಚ್ಚಿದ್ದರು. 1985ರಲ್ಲಿ ಮಿಲ್‌ವಾಲ್ ಜೊತೆಗಿನ ಕಪ್ ಪಂದ್ಯದಲ್ಲಿ ದೊಡ್ಡ ಗಲಭೆಯಾಯಿತು. ಮುಂದೆ 1986-87ರಿಂದ ನಾಲ್ಕು ಸೀಸನ್, ಬೇರೆ ಊರಿನ ಬೆಂಬಲಿಗರಿಗೆ ಪ್ರವೇಶವೇ ಇಲ್ಲ. ಊರಿನ ಸದಸ್ಯರಿಗೆ ಕಾರ್ಡು, ಬೀಗರ ಲೆಕ್ಕ ಸೊನ್ನೆ. ಎದುರು ತಂಡದವರು ಗೋಲು ಹೊಡೆದರೆ ಕುಣಿಯಲು ಯಾರೂ ಇಲ್ಲ. ಲೀಗ್ ಕಪ್ ನಡೆಸುವವರು, ಬೀಗರನ್ನು ಬಿಡುವುದಿಲ್ಲ ಅಂದರೆ ನೀವೂ ಬರಬೇಡಿ ಅಂತ ಇವರನ್ನೇ ಹೊರಗೆ ಹಾಕಿದರು. ಮಜಾ ಅಂದರೆ 2023ರಲ್ಲಿ ಲೂಟನ್ ಇಂಗ್ಲೆಂಡಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿಗೆ ಬಂದಾಗ, ಬೀಗರು ಅದೇ ಸಂದಿಬಾಗಿಲ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು.

ಈಗ ನಿಯಮ ಇದೆ. ಪ್ರೀಮಿಯರ್ ಲೀಗಿನಲ್ಲಿ ಬಂದ ತಂಡದವರಿಗೆ 3,000 ಟಿಕೆಟ್, ಗ್ರೌಂಡ್ ಚಿಕ್ಕದಿದ್ದರೆ ಶೇ 10. ದರ 30 ಪೌಂಡ್ ದಾಟುವಂತಿಲ್ಲ, 2016-17ರಿಂದ. ಒಳ್ಳೇದಾಯಿತು. ಆದರೆ ಪಂದ್ಯದ ಹೊತ್ತನ್ನು ಕೂರಿಸುವವರು ಟಿವಿಯವರು. ಸೋಮವಾರ ರಾತ್ರಿ ಎಂಟಕ್ಕೆ ಅಂದರೆ ಎಂಟಕ್ಕೆ. ನ್ಯೂಕಾಸಲ್‌ನಿಂದ ಬೋರ್ನ್‌ಮತ್ ಅಂದರೆ ಬೆಂಗಳೂರಿನಿಂದ ಬೆಳಗಾವಿಗಿಂತ ದೂರ. ಆಟ ಮುಗಿಯುವ ಹೊತ್ತಿಗೆ ಊರಿಗೆ ವಾಪಸು ರೈಲಿಲ್ಲ, ಬೆಳಿಗ್ಗೆ ಕೆಲಸಕ್ಕೆ ರಜೆಯಿಲ್ಲ. ಆದರೂ ಆ ಮೂಲೆ ತುಂಬಿರುತ್ತದೆ. ಇಡೀ ಸ್ಟೇಡಿಯಮ್ಮಿನಲ್ಲಿ ಟಿಕೆಟ್ಟಿಗೂ ತಲೆಗೂ ಹೆಚ್ಚುಕಡಿಮೆ ತಾಳೆಯಾಗುವ ಜಾಗ ಅದೊಂದೇ. ಅದನ್ನು ಗ್ರೌಂಡಿನ ಮೂಲೆಗೋ ನೆತ್ತಿಗೋ ಸರಿಸುತ್ತಾರೆ, ಒಳ್ಳೇ ಜಾಗದಲ್ಲಿ ಖಾಲಿ ಕುರ್ಚಿ ಕೂರಬೇಕಲ್ಲ.

ನನ್ನ ಮಾವನ ಮಗನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದರಲ್ಲಿ ಇನ್ನೊಂದು ತಿರುವಿದೆ. ಅವನು ನಮ್ಮನೆಯಲ್ಲಿ ನೋಡಿದ ಆ ಮ್ಯಾಚನ್ನು ಅವನ ಲಂಡನ್ ಮನೆಯ ಟಿವಿಯಲ್ಲಿ ನೋಡಲು ಆಗುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಟಿವಿಯಲ್ಲಿ ಲೈವ್ ಫುಟ್‌ಬಾಲ್ ತೋರಿಸುವಂತಿಲ್ಲ. 1960ರ ದಶಕದ ಕಟ್ಟಳೆ. ಬರ್ನ್‌ಲಿ ಕ್ಲಬ್ಬಿನ ಬಾಬ್ ಲಾರ್ಡ್ ಅನ್ನುವ ಯಜಮಾನರು, ಟಿವಿಯಲ್ಲಿ ತೋರಿಸಿದರೆ ಗ್ರೌಂಡಿಗೆ ಯಾರು ಬರುತ್ತಾರೆ ಅಂತ ಹಠ ಹಿಡಿದಿದ್ದರ ಫಲ. ಸಣ್ಣ ಊರಿನ ಕ್ಲಬ್ಬುಗಳಿಗೆ ಇದರಿಂದ ಲಾಭ ಅನ್ನುವ ವಾದ ಈಗಲೂ ಇದೆ, ಇರಲಿ. ಆದರೆ ಲೆಕ್ಕ ಹಾಕಿ ನೋಡಿ. ಗ್ರೌಂಡಿನ ಪಕ್ಕದ ಬೀದಿಯವನು ಮನೆಯಲ್ಲಿ ಕೂತು ನೋಡುವಂತಿಲ್ಲ. ಎಂಟು ಸಾವಿರ ಕಿಲೋಮೀಟರ್ ಆಚೆ ನಾನು ಲುಂಗಿಯಲ್ಲಿ ಕೂತು ನೋಡಬಹುದು. ಇವನು ನನ್ನ ಪಕ್ಕ ಕೂತು ನೋಡುತ್ತಾ, ಅಲ್ಲಿ ಹಾಜರಿಯನ್ನೂ ಹಾಕಿಸಿಕೊಳ್ಳಬಹುದು.

ಕೊರೊನಾ ಬಂದಾಗ ಮಾತ್ರ ಈ ನಾಟಕದ ವೇಷ ಕಳಚಿತು. ಜನ ಸೊನ್ನೆ ಅಂತ ಬಾಯಿಬಿಟ್ಟು ಹೇಳಲೇಬೇಕಾಯಿತು. ಟಿವಿಯಲ್ಲಿ ವಿಡಿಯೊ ಗೇಮಿನಿಂದ ತಂದ ಕೂಗನ್ನು ಬೆರೆಸಿದರು. ಜರ್ಮನಿಯ ಒಂದು ಕ್ಲಬ್ 19 ಯೂರೊ ತಗೊಂಡು ನಿಮ್ಮದೇ ರಟ್ಟಿನ ಗೊಂಬೆಯನ್ನು ಗ್ಯಾಲರಿಯಲ್ಲಿ ನಿಲ್ಲಿಸಿತು. ಕೊರಿಯಾದ ಎಫ್‌ಸಿ ಸೋಲ್‌ನವರು ಜವಳಿ ಅಂಗಡಿಯ ಬೊಂಬೆಗಳು ಅಂದುಕೊಂಡು ಕೂರಿಸಿದ್ದು ಬೇರೆಯೇ ಉದ್ಯೋಗದ ಬೊಂಬೆಗಳು ಅಂತ ಗೊತ್ತಾಗಿ 10 ಕೋಟಿ ವೊನ್ ದಂಡ ಕಟ್ಟಿದರು. ನಮ್ಮ ಫುಟ್‌ಬಾಲಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಎರಡು ಸೀಸನ್ ಪೂರ್ತಿ ಗೋವಾದಲ್ಲೇ ನಡೆಯಿತು. ಬೆಂಗಳೂರಿನ ತವರಿನ ಪಂದ್ಯವೂ ಗೋವಾದಲ್ಲಿ, ತವರಿನಾಚೆಯದೂ ಗೋವಾದಲ್ಲಿ. ತವರು ಅನ್ನುವುದು ಸ್ಕೋರ್‌ಕಾರ್ಡಿನ ಎಡಗಡೆ ಮಾತ್ರ ಇತ್ತು. ಅತ್ತ ಇಂಗ್ಲೆಂಡಿನಲ್ಲಿ 2020-21ರ ಪ್ರೀಮಿಯರ್ ಲೀಗಿನ 380 ಪಂದ್ಯಗಳಲ್ಲಿ ತವರಿನವರು ಗೆದ್ದಿದ್ದು 144, ಬಂದವರು ಗೆದ್ದಿದ್ದು 153. ಕುರ್ಚಿಯೇ ಸಾಕು ಅನ್ನುವುದಾಗಿದ್ದರೆ ಆ ವರ್ಷವೂ ತವರಿನವರೇ ಜಾಸ್ತಿ ಗೆಲ್ಲಬೇಕಿತ್ತು. ಕುರ್ಚಿಗಳೆಲ್ಲ ಅಲ್ಲೇ ಇದ್ದವು.

ನಮ್ಮಲ್ಲಿ ಒಮ್ಮೆ ನಿಜವಾದ ಅಂಕಿಯೊಂದು ಹೊರಬಿತ್ತು. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಲು ಬಂದಿದ್ದವರು 2,569. ನಾಯಕ ಸುನಿಲ್ ಚೆಟ್ರಿ, ನಮ್ಮ ಬೆಂಗಳೂರು ಎಫ್‌ಸಿಯ ಚೆಟ್ರಿಯೇ, ಒಂದು ವಿಡಿಯೊ ಮಾಡಿ ಹಾಕಿದರು. ಬನ್ನಿ, ಬೈಯ್ಯಬೇಕು ಅನ್ನಿಸಿದರೆ ಬಂದು ಬೈಯ್ಯಿರಿ, ಆದರೆ ಸ್ಟೇಡಿಯಮ್ಮಿಗೆ ಬನ್ನಿ ಅನ್ನುವ ಅರ್ಥದ ಮಾತು. ಮೂರನೇ ದಿನ ಕೆನ್ಯಾ ಜೊತೆಗಿನ ಪಂದ್ಯದ ಟಿಕೆಟ್ ಪೂರ್ತಿ ಖಾಲಿ. ಮಳೆಯಲ್ಲಿ ನೆನೆಯುತ್ತಾ ಜನ ಕೂಗಿದರು. ಅಲ್ಲಿ ಯಾರಾದರೂ 25,690 ಅಂತ ಘೋಷಿಸಿದ್ದರೆ ಚೆಟ್ರಿ ಯಾರನ್ನು ಕರೆಯಬೇಕಿತ್ತು?

ಮದುವೆ ಚೆನ್ನಾಗಿ ಆಯಿತು. ಮಾರನೇ ದಿನ ಅಡುಗೆ ಕಾಂಟ್ರಾಕ್ಟರು ಬಿಲ್ ಹಿಡಿದುಕೊಂಡು ಬಂದರು. ಮಾತಾಡಿದ್ದು 600 ಎಲೆ, ಉಂಡವರು 430. ಬಿಲ್ ಮಾತ್ರ 600ಕ್ಕೇ.

"ಉಣ್ಣದವರ ಎಲೆಗೂ ದುಡ್ಡಾ?" ಅಂದರು ಅತ್ತೆ.

"ಅಮ್ಮಾ, ನೀವು ಹೇಳಿದ ಲೆಕ್ಕಕ್ಕೆ ನಾವು ಮಾಡ್ತೀವಿ. ಬರೋದು ಬಿಡೋದು ಅವರಿಷ್ಟ."

ಮಾವನ ಮಗ ನನ್ನ ಕಡೆ ನೋಡಿ ನಕ್ಕ. ಲಂಡನ್ನಿನಲ್ಲಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು, 600 ಜನ ಉಂಡರು ಅಂತ ಮೈಕಿನಲ್ಲಿ ಹೇಳಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಬಿಲ್ಲನ್ನು ಟೀಪಾಯಿ ಮೇಲಿಟ್ಟು, ಬಹಳ ಮೆತ್ತಗೆ ಕೇಳಿದರು.

"ಸರಿ ಕಣಪ್ಪಾ, ಕೊಡ್ತೀನಿ. ಆ ಬಾರದೇ ಇದ್ದ 170 ಜನಕ್ಕೆ ಮಾಡಿದ ಹೋಳಿಗೆ ಎಲ್ಲಿದೆ?"