ಮೊದಲ ದಿನ ಬರೆದ ಆ ಒಂದು ಸಾಲು

ನಿನ್ನೆ ಸಂಜೆ ನಮ್ಮ ಗೋಕರ್ಣದ ಕುಡ್ಲೆ ಬೀಚಿಗೆ ಇಳಿಯುವ ದಾರಿಯ ಚಹಾ ಅಂಗಡಿಯಲ್ಲಿ ಕೂತಿದ್ದೆ. ಒಬ್ಬ ವಿದೇಶಿ ಹುಡುಗಿ ಏದುಸಿರು ಬಿಡುತ್ತ ಬಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಅವಳ ಗೆಳತಿಯಂತೆ. ಬೆಳಿಗ್ಗೆ ಓಂ ಬೀಚಿನ ಕಡೆ ನಡೆದು ಹೋದವಳು ಮಧ್ಯಾಹ್ನ ಊಟಕ್ಕೆ ಬರಬೇಕಿತ್ತು, ಬಂದಿಲ್ಲ. ಫೋನ್ ಸ್ವಿಚ್ ಆಫ್.

ಅಂಗಡಿಯಲ್ಲಿ ನಾವು ಆರು ಜನ ಇದ್ದೆವು. ಎಲ್ಲರೂ ಫೋಟೋ ನೋಡಿದರು. ಯಾರೂ ಏಳಲಿಲ್ಲ. "ಎಲ್ಲೋ ಪಾರ್ಟಿಗೆ ಹೋಗಿರ್ತಾಳೆ, ಬರ್ತಾಳೆ" ಅಂದ ಒಬ್ಬ. ನಾನು ಎದ್ದು, ಪೊಲೀಸರಿಗೆ ಒಂದು ಮಾತು ಹೇಳೋಣ ಅಂದೆ. ಅಂಗಡಿಯವನು ನನ್ನ ಕೈ ಹಿಡಿದು ಕೂರಿಸಿದ. "ಮಾಸ್ತರ್ರೇ, ನೀವು ಸುಮ್ನೆ ಇರಿ. ಸೀಸನ್ ಟೈಮು. ದೊಡ್ಡದು ಮಾಡಿದ್ರೆ ಊರಿನ ಹೆಸರು ಹಾಳಾಗ್ತದೆ."

ನಾನು ಕೈ ಬಿಡಿಸಿಕೊಂಡು ಆ ಹುಡುಗಿಯ ಜೊತೆ ಹೊರಟೆ. ಅರ್ಧ ದಾರಿಯಲ್ಲೇ ಗೆಳತಿ ಎದುರಿಗೆ ಸಿಕ್ಕಳು. ಹಾಫ್ ಮೂನ್ ಬೀಚಿನ ಕಲ್ಲು ದಾರಿಯಲ್ಲಿ ಕಾಲು ಉಳುಕಿತ್ತು, ಕುಂಟುತ್ತ ಬರುತ್ತಿದ್ದಳು. ಇಬ್ಬರೂ ತಬ್ಬಿಕೊಂಡು ಅತ್ತರು. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏನಾದರೂ ಆಗಿದ್ದರೆ? ಮರುದಿನ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಈ ಆರು ಜನರ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಅದರಲ್ಲಿ ಐದು ಜನ "ಪಾರ್ಟಿಗೆ ಹೋಗಿದ್ದಳು ಅನಿಸುತ್ತದೆ" ಅಂತಲೇ ಹೇಳುತ್ತಿದ್ದರು. ಆ ಮಾತು ಕಾಗದದ ಮೇಲೆ ಹೋಗುತ್ತಿತ್ತು. ಆಮೇಲೆ ಅದನ್ನು ಅಳಿಸಲು ಅವಳ ಅಪ್ಪ ಅಮ್ಮ ಎಷ್ಟು ವರ್ಷ ಓಡಾಡಬೇಕಿತ್ತು?

ಇದು ನನ್ನ ಕಲ್ಪನೆ ಅಲ್ಲ. ನಮ್ಮ ಪಕ್ಕದ ಗೋವಾದಲ್ಲಿ ಹೀಗೇ ಆಗಿದೆ.

2008ರ ಫೆಬ್ರವರಿ 18. ಅಂಜುನಾ ಬೀಚಿನಲ್ಲಿ 15 ವರ್ಷದ ಬ್ರಿಟಿಷ್ ಹುಡುಗಿಯ ಶವ ಸಿಕ್ಕಿತು. ಆ ಮಗುವಿನ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ತಾಯಿ ಉಳಿದ ಮಕ್ಕಳ ಜೊತೆ ಆಗ ಇದೇ ನಮ್ಮ ಗೋಕರ್ಣದ ಕಡೆ ಬಂದಿದ್ದಳು. ಪೊಲೀಸರು ಹೇಳಿದ್ದು ಒಂದೇ ಮಾತು, ನೀರಿನಲ್ಲಿ ಮುಳುಗಿ ಸತ್ತಳು ಅಂತ. ಪೋಸ್ಟ್‌ಮಾರ್ಟಮ್ ವರದಿಯೂ ಹಾಗೇ ಬಂತು. ಮುಗಿಯಿತು. ಸಮುದ್ರ ಇದ್ದ ಕಡೆ ಮುಳುಗಿ ಸಾಯುವವರು ಇದ್ದೇ ಇರುತ್ತಾರೆ, ಅಲ್ವಾ?

ಆ ತಾಯಿ ಒಪ್ಪಲಿಲ್ಲ. ಊರಿಗೆ ಹೋಗಲಿಲ್ಲ. ಅಲ್ಲೇ ನಿಂತು, ಇನ್ನೊಮ್ಮೆ ಪೋಸ್ಟ್‌ಮಾರ್ಟಮ್ ಮಾಡಿ ಅಂತ ಹಟ ಹಿಡಿದಳು. ಎರಡನೇ ಸಲ ಮಾಡಿದಾಗ ಮೈಮೇಲೆ 50ಕ್ಕೂ ಹೆಚ್ಚು ಗಾಯಗಳು ಕಂಡವು. ಐವತ್ತು! ಮೊದಲ ಸಲ ಅವು ಎಲ್ಲಿ ಹೋಗಿದ್ದವು? ಆಮೇಲೆ ಕೊಲೆ ಕೇಸು ದಾಖಲಾಯಿತು. ಮೊದಲು ತನಿಖೆ ಮಾಡಿದ ಅಧಿಕಾರಿ ಅಮಾನತಾದರು. ಕೇಸು ಸಿಬಿಐಗೆ ಹೋಯಿತು. ಆದರೂ 2016ರಲ್ಲಿ ಕೆಳಗಿನ ಕೋರ್ಟು ಇಬ್ಬರೂ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಸಿಬಿಐ ಮೇಲ್ಮನವಿ ಹಾಕಿತು. 2019ರ ಜುಲೈಯಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಒಬ್ಬನಿಗೆ 10 ವರ್ಷ ಶಿಕ್ಷೆ ಕೊಟ್ಟಿತು. ಇನ್ನೊಬ್ಬನ ಬಿಡುಗಡೆಯನ್ನು ಎತ್ತಿಹಿಡಿಯಿತು. ಲೆಕ್ಕ ಹಾಕಿ, ಹನ್ನೊಂದು ವರ್ಷಕ್ಕೂ ಜಾಸ್ತಿ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. 2008ರಲ್ಲಿ ಪೇಪರಿನಲ್ಲಿ ಈ ಸುದ್ದಿ ಓದಿದಾಗ ನಾನು ಏನು ಅಂದಿದ್ದೆ ಗೊತ್ತಾ? "ಎಂಥ ತಾಯಿ ಇವಳು, 15 ವರ್ಷದ ಮಗಳನ್ನು ಬಿಟ್ಟು ಬಂದಿದ್ದಾಳೆ" ಅಂದಿದ್ದೆ. ಅಡುಗೆಮನೆಯಿಂದ ಆಯಿ "ಹೌದು ಮತ್ತೆ" ಅಂದಿದ್ದಳು. ಮನೆಯ ಎರಡು ರೂಮು ಆಗಲೂ ವಿದೇಶಿಯರಿಗೇ ಬಾಡಿಗೆಗೆ ಕೊಡುತ್ತಿದ್ದೆವು. ಅವರ ದುಡ್ಡಿನಲ್ಲೇ ಮನೆಗೆ ಹಂಚು ಹೊದಿಸಿದ್ದು. ಆ ತಾಯಿ ಅಲ್ಲಿ ಮಗಳ ಶವದ ಮುಂದೆ ನಿಂತು ಇಡೀ ಪೊಲೀಸ್ ಇಲಾಖೆಯ ಜೊತೆ ಜಗಳ ಆಡುತ್ತಿದ್ದಾಗ, ನಾನು ಇಲ್ಲಿ ಜಗಲಿಯಲ್ಲಿ ಕೂತು ಅವಳ ತಪ್ಪು ಹುಡುಕುತ್ತಿದ್ದೆ. ಪೊಲೀಸರು ಯಾಕೆ ಮುಳುಗಿದಳು ಅಂತ ಬರೆದರು ಅನ್ನುವ ಪ್ರಶ್ನೆಯೇ ನನಗೆ ಹುಟ್ಟಲಿಲ್ಲ. ಇದನ್ನು ನೆನೆದರೆ ಈಗಲೂ ನಾಚಿಕೆ ಆಗುತ್ತದೆ.

ನನ್ನ ಕಣ್ಣು ತೆರೆದದ್ದು ನಮ್ಮ ಮನೆಗೇ ಸಾವು ಬಂದಾಗ. ಭಾವ ಹೈವೇಯಲ್ಲಿ ತೀರಿಕೊಂಡದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಲಾರಿ ಹಿಂದಿನಿಂದ ಬಂದು ಗುದ್ದಿದ್ದು. ಆದರೆ ಪಂಚನಾಮೆಯಲ್ಲಿ ಬೈಕ್ ಸವಾರ ಎದುರು ದಿಕ್ಕಿನಿಂದ ಬಂದ ಅಂತ ಬರೆದಿದ್ದರು. ಯಾರು ಹೇಳಿದರೋ, ಯಾರು ಬರೆದರೋ. ಅಕ್ಕ ಆಗ ಅಳುತ್ತಿದ್ದಳು, ನಾವು ಯಾರೂ ಓದಲೂ ಇಲ್ಲ. ಆ ಒಂದು ಸಾಲು ತಪ್ಪು ಅಂತ ತೋರಿಸಲು ನಾಲ್ಕು ವರ್ಷ ಬೇಕಾಯಿತು. ಪ್ರತಿ ವಾಯಿದೆಗೆ ಬೆಳಿಗ್ಗೆ ಮೊದಲ ಬಸ್ಸು. ಬುತ್ತಿ ಕಟ್ಟಿಕೊಂಡು ಹೋಗಿ ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂರುವುದು. ಕರೆದರೆ ಕರೆದರು, ಇಲ್ಲದಿದ್ದರೆ ಮುಂದಿನ ತಾರೀಕು. ವಾಪಸ್ ಬರುವಾಗ ಅಕ್ಕ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಒಂದು ಮಾತೂ ಆಡುತ್ತಿರಲಿಲ್ಲ. ಇದು ನಮ್ಮದೇ ಜಿಲ್ಲೆ, ನಮ್ಮದೇ ಭಾಷೆ, ವಕೀಲರು ನಮ್ಮ ಪರಿಚಯದವರು. ಆದರೂ ಅಕ್ಕ ದಣಿದು ಹೋದಳು.

ಇನ್ನು ಸಾವಿರಾರು ಮೈಲಿ ದೂರದಿಂದ ಬರುವವರ ಗತಿ? ಭಾಷೆ ಬಾರದು. ವೀಸಾ ಮುಗಿಯುತ್ತದೆ. ರಜೆ ಮುಗಿಯುತ್ತದೆ. ದುಡ್ಡು ಮುಗಿಯುತ್ತದೆ.

ಕೇರಳದ ಕಥೆ ನೋಡಿ. 2018ರ ಮಾರ್ಚ್ 14ರಂದು ಲಾಟ್ವಿಯಾದ ಹೆಣ್ಣುಮಗಳೊಬ್ಬಳು ತಿರುವನಂತಪುರದ ಹತ್ತಿರ ಕಾಣೆಯಾದಳು. ಖಿನ್ನತೆಗೆ ಆಯುರ್ವೇದ ಚಿಕಿತ್ಸೆ ಮಾಡಿಸಿಕೊಳ್ಳಲು ಬಂದವಳು. ಜೊತೆಗೆ ಅವಳ ತಂಗಿಯೂ ಇದ್ದಳು. ತಂಗಿ ಅಂದೇ ಭಯಪಟ್ಟಳು. ಆದರೆ ಆ ಭಯವನ್ನು ಬೇರೆಯವರು ಅಷ್ಟು ಬೇಗ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ತಂಗಿ, ಕಾಣೆಯಾದವಳ ಸಂಗಾತಿ ಇಬ್ಬರೂ ಸೇರಿ ಊರೂರು ತಿರುಗಿ ಫೋಟೋ ಇರುವ ಪೋಸ್ಟರ್ ಅಂಟಿಸಿದರು. ಹುಡುಕಿಕೊಟ್ಟವರಿಗೆ ಬಹುಮಾನ ಕೊಡುತ್ತೇವೆ ಅಂದರು. ಐದು ವಾರ ದಾಟಿದ ಮೇಲೆ ಏಪ್ರಿಲ್ 20ಕ್ಕೆ ಕೋವಳಂ ಹತ್ತಿರದ ಕಾಂಡ್ಲಾ ಕಾಡಿನಲ್ಲಿ ಶವ ಸಿಕ್ಕಿತು. ಪೂರ್ತಿ ಕೊಳೆತುಹೋಗಿತ್ತು. ಮೊದಲ ದಿನವೇ ಹುಡುಕಿದ್ದರೆ ಎಷ್ಟು ಸಾಕ್ಷ್ಯ ಉಳಿಯುತ್ತಿತ್ತೋ! ಆದರೂ 2022ರ ಡಿಸೆಂಬರಿನಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆ ಆಯಿತು. ನಿನ್ನೆ ಮೊಬೈಲ್ ಹಿಡಿದು ಬಂದ ಹುಡುಗಿಯನ್ನು ಕಂಡಾಗ ನನಗೆ ಆ ತಂಗಿಯೇ ನೆನಪಾದಳು.

ಇದು ಬರೀ ಭಾರತದ ಕಾಯಿಲೆ ಅಂತ ಯಾರೂ ಅಂದುಕೊಳ್ಳಬೇಡಿ. 1988ರಲ್ಲಿ ಕೀನ್ಯಾದ ಮಸಾಯಿ ಮಾರಾ ಕಾಡಿನಲ್ಲಿ ಬ್ರಿಟಿಷ್ ಯುವತಿಯೊಬ್ಬಳು ಸತ್ತಳು. ಪ್ರಾಣಿಗಳ ಫೋಟೋ ತೆಗೆಯಲು ಹೋದವಳು. ಕಾಡುಪ್ರಾಣಿ ತಿಂದಿತು ಅಂತ ಅಲ್ಲಿನವರು ಹೇಳಿದರು. ಗೋವಾದಲ್ಲಿ ಸಮುದ್ರ, ಅಲ್ಲಿ ಸಿಂಹ. ಅವಳ ಅಪ್ಪ ಜಾನ್ ವಾರ್ಡ್ ತಾನೇ ವಿಮಾನ ಬಾಡಿಗೆಗೆ ಹಿಡಿದು ಹುಡುಕಿಸಿದರು. ಸಿಕ್ಕಿದ್ದು ಮಗಳ ದೇಹದ ಕೆಲವು ಭಾಗಗಳು ಮಾತ್ರ. ಹರಿತವಾದ ಆಯುಧದಿಂದ ಕತ್ತರಿಸಿದ್ದಾರೆ ಅಂತ ವೈದ್ಯರು ಬರೆದದ್ದನ್ನು ಅವರ ಮೇಲಧಿಕಾರಿ ತಿದ್ದಿದ್ದರು. ನೋಡಿ, ಅಲ್ಲೂ ಅದೇ ಒಂದು ಸಾಲು! ವಾರ್ಡ್ ನೂರಕ್ಕೂ ಹೆಚ್ಚು ಸಲ ಕೀನ್ಯಾಕ್ಕೆ ಹೋಗಿ ಬಂದರು. ಎರಡು ಸಲ ವಿಚಾರಣೆ ನಡೆಯಿತು, ಎರಡೂ ಸಲ ಆರೋಪಿಗಳು ಬಿಡುಗಡೆಯಾದರು. 2023ರಲ್ಲಿ ಅವರು ತೀರಿಕೊಂಡರು. ಆಗಲೂ ಒಬ್ಬನಿಗೂ ಶಿಕ್ಷೆ ಆಗಿರಲಿಲ್ಲ. ಮಗಳಿಗಾಗಿ 35 ವರ್ಷ.

ವಾರ್ಡ್ ಹೋಟೆಲ್ ಉದ್ಯಮಿ. ಖರ್ಚು ಮಾಡಲು ಅವರ ಹತ್ತಿರ ದುಡ್ಡಿತ್ತು. ಗೋವಾದ ಆ ತಾಯಿಯ ಹತ್ತಿರ ಹಟ ಇತ್ತು. ಎರಡೂ ಇಲ್ಲದವರು ಏನು ಮಾಡಿರುತ್ತಾರೆ? ಪೆಟ್ಟಿಗೆಯಲ್ಲಿ ಶವ ತೆಗೆದುಕೊಂಡು ಹೋಗಿ ಹೂಳಿರುತ್ತಾರೆ. ಅಂಥವರ ಸುದ್ದಿ ನಮಗೆ ಗೊತ್ತೇ ಆಗುವುದಿಲ್ಲ.

ಪ್ರವಾಸಿಗರೂ ಎಚ್ಚರ ಇರಬೇಕು, ಕಂಡವರನ್ನೆಲ್ಲ ನಂಬಬಾರದು ಅಂತ ಕಮೆಂಟ್ ಬರುತ್ತದೆ, ನನಗೆ ಗೊತ್ತು. ಇರಲಿ, ಎಚ್ಚರ ಇರಲಿ. ನಾನೂ ನನ್ನ ಮನೆಗೆ ಬಂದವರಿಗೆ ಕತ್ತಲಾದ ಮೇಲೆ ಕಲ್ಲು ದಾರಿಯಲ್ಲಿ ಹೋಗಬೇಡಿ ಅನ್ನುತ್ತೇನೆ. ಆದರೆ ಅದು ಬದುಕಿರುವವರಿಗೆ ಹೇಳುವ ಮಾತು. ಸತ್ತವರ ಅಮ್ಮನಿಗೆ ಅದನ್ನು ಹೇಳಿದರೆ ಕೊಂದವನ ಪರ ನಿಂತ ಹಾಗೆ.

ಕಳೆದ ವರ್ಷ, 2025ರ ಮಾರ್ಚ್ 6ರ ರಾತ್ರಿ, ನಮ್ಮದೇ ಸಾಣಾಪುರದಲ್ಲಿ ಏನಾಯಿತು ಮರೆತಿಲ್ಲ ತಾನೆ? ಹಂಪಿ ನೋಡಲು ಬಂದ ನಾಲ್ಕು ಜನ, ಜೊತೆಗೆ ಹೋಮ್‌ಸ್ಟೇ ನಡೆಸುವ ನಮ್ಮ ಹೆಣ್ಣುಮಗಳು. ಕಾಲುವೆ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕೂತಿದ್ದರು. ಪೆಟ್ರೋಲ್ ಕೇಳುವ ನೆಪದಲ್ಲಿ ಬಂದವರು ಮೂವರು ಗಂಡಸರನ್ನು ತುಂಗಭದ್ರಾ ಎಡದಂಡೆ ಕಾಲುವೆಗೆ ತಳ್ಳಿದರು. ಇಸ್ರೇಲಿನ ಹೆಣ್ಣುಮಗಳ ಮೇಲೆ, ನಮ್ಮ ಹೆಣ್ಣುಮಗಳ ಮೇಲೆ ಅತ್ಯಾಚಾರ ಮಾಡಿದರು. ಒಡಿಶಾದ ಹುಡುಗ ಕಾಲುವೆಯಲ್ಲೇ ಸತ್ತ. ಪೊಲೀಸರು ಮೂವರು ಆರೋಪಿಗಳನ್ನೂ ಕೆಲವೇ ದಿನಗಳಲ್ಲಿ ಹಿಡಿದರು. ಅದಕ್ಕೆ ಅವರಿಗೆ ಮನಸಾರೆ ಕೈ ಮುಗಿಯುತ್ತೇನೆ. ಮೊದಲ ದಿನ ಸರಿಯಾಗಿ ಕೆಲಸ ಮಾಡಿದರೆ ಏನಾಗುತ್ತದೆ ಅಂತ ತೋರಿಸಿದರು. ಆದರೆ ನನ್ನ ಸುತ್ತಮುತ್ತ ಆ ವಾರ ಕೇಳಿದ ಮಾತು ಏನು? "ಬುಕಿಂಗ್ ಎಲ್ಲ ಕ್ಯಾನ್ಸಲ್ ಆಗ್ತವೆ ಮಾರಾಯ. ಹಂಪಿ ಹೆಸರು ಹೋಯ್ತು." ಸತ್ತ ಹುಡುಗನಿಗೂ ಒಂದು ಹೆಸರಿತ್ತು. ಅದನ್ನು ಒಬ್ಬರೂ ಕೇಳಲಿಲ್ಲ.

ಊರಿನ ಹೆಸರು, ಊರಿನ ಹೆಸರು. ಕೇಳಿ ಕೇಳಿ ಸಾಕಾಗಿದೆ. ಈ ಹೆಸರಿನ ಭಯವೇ ಆ ಮೊದಲ ಸಾಲನ್ನು ಬರೆಸುವುದು. ಮುಳುಗಿದಳು, ಪ್ರಾಣಿ ತಿಂದಿತು, ಎಲ್ಲೋ ಹೋಗಿರುತ್ತಾಳೆ, ಕುಡಿದಿದ್ದಳು. ಇದರಲ್ಲಿ ಯಾವುದನ್ನು ಬರೆದರೂ ಊರಿಗೆ ಕಳಂಕ ಇಲ್ಲ. ಹೊರೆ ಎಲ್ಲ ಹೊರಬೇಕಾದವರು ಮನೆಯವರು.

ಮೊದಲ ದಿನ ಸರಿಯಾಗಿದ್ದರೂ ಆಮೇಲೆ ಸುಲಭ ಅಂತಲ್ಲ. ಕಾರವಾರ ದಾಟಿದರೆ ಸಿಗುವ ಗೋವಾದ ಕಾಣಕೋಣದಲ್ಲಿ 2017ರ ಮಾರ್ಚಿನಲ್ಲಿ ಐರ್ಲೆಂಡಿನ 28 ವರ್ಷದ ಯುವತಿಯ ಕೊಲೆ ಆಯಿತು. ಆರೋಪಿಯನ್ನು ಪೊಲೀಸರು ಕೂಡಲೇ ಹಿಡಿದರು. ಮಡಗಾಂವ್ ಕೋರ್ಟು ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2025ರ ಫೆಬ್ರವರಿಯಲ್ಲಿ. ಸುಮಾರು ಎಂಟು ವರ್ಷ. ಅಕ್ಕನಿಗೆ ಒಂದು ಬಸ್ಸು ಹತ್ತಿದರೆ ಕೋರ್ಟು ಸಿಗುತ್ತಿತ್ತು. ಐರ್ಲೆಂಡಿನ ಆ ಯುವತಿಯ ತಾಯಿಗೆ?

ನಮ್ಮ ಜನ ಸತ್ತರೂ ಇಷ್ಟೇ ವರ್ಷ ತಾನೇ, ವಿದೇಶಿಯರಿಗೆ ಮಾತ್ರ ಯಾಕೆ ಅವಸರ ಅಂತ ಶಾಲೆಯಲ್ಲಿ ಒಬ್ಬರು ಕೇಳಿದರು. ಹೌದು ಸರ್, ಇಷ್ಟೇ ವರ್ಷ. ಅಕ್ಕನ ಜೊತೆ ಆ ಬೆಂಚಿನ ಮೇಲೆ ಕೂತವನು ನಾನು, ನನಗೆ ಅದನ್ನು ಹೇಳಬೇಡಿ. ನಮಗೆ ಆದ ಅನ್ಯಾಯವನ್ನು ಬಂದವರಿಗೂ ಹಂಚಿದರೆ ನಮ್ಮ ಪಾಲು ಕಡಿಮೆ ಆಗುತ್ತದಾ?

ಇವತ್ತು ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ನಿನ್ನೆಯದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ಆ ಹುಡುಗಿಯರು ಇನ್ನೂ ಇದ್ದಾರಾ? ಕಾಲಿಗೆ ಏನಾದರೂ ಹಚ್ಚಿದ್ದಾರಾ?" ಅಂತ ಕೇಳಿದಳು. ಮನೆಯಲ್ಲಿ ಉಳುಕಿಗೆ ಹಚ್ಚುವ ಎಣ್ಣೆ ಇದೆ. ಈಗ ಅದನ್ನು ಹಿಡಿದುಕೊಂಡು ಹೊರಟಿದ್ದೇನೆ. ದಾರಿಯಲ್ಲಿ ಆ ಚಹಾ ಅಂಗಡಿ ಸಿಗುತ್ತದೆ. ನಿನ್ನೆ ಅವನಿಗೆ ಹೇಳದೆ ಬಂದದ್ದನ್ನೆಲ್ಲ ಇವತ್ತು ಕೂತು ಹೇಳಿಯೇ ಮುಂದೆ ಹೋಗುತ್ತೇನೆ.