ಖುಷಿಯ ದರಪಟ್ಟಿ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿಯನ್ನು ಹಿರಿಯರು ಯಾವ ಉದ್ದೇಶದಿಂದ ಮಾಡಿದರೋ ತಿಳಿಯದು. ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು ಜೇಬು ತಡಕುವ ಭಾಗ್ಯ ಮಗುವಿನ ತಂದೆಗಿಂತ ಮೊದಲು ಸೋದರಮಾವನಿಗೆ ದೊರೆಯಲಿ ಎಂಬ ದೂರದೃಷ್ಟಿಯೂ ಅದರಲ್ಲಿ ಇದ್ದಿರಬೇಕೆಂದು, ತಂಗಿಯನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ ದಿನ ನನಗೆ ಮನವರಿಕೆಯಾಯಿತು.

ಆಸ್ಪತ್ರೆಯ ಗೋಡೆಯ ಮೇಲೆ ಎಲ್ಲವೂ ಉಚಿತವೆಂದು ಬರೆದಿತ್ತು, ಮತ್ತು ಅದು ಸುಳ್ಳಲ್ಲ. 2011ರ ಜೂನ್‌ನಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಉಚಿತ, ಔಷಧಿ, ರಕ್ತ, ಪರೀಕ್ಷೆಗಳೆಲ್ಲ ಉಚಿತ. ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನ ಬಾಣಂತಿಗೆ ಊಟವೂ ಉಚಿತ. ಮನೆಯಿಂದ ಕರೆತರುವ ವಾಹನವೂ, ಮನೆಗೆ ಬಿಟ್ಟುಬರುವ ನಗು-ಮಗು ವಾಹನವೂ ಉಚಿತ. ಇಷ್ಟನ್ನೆಲ್ಲ ಉಚಿತ ಮಾಡಿದ ಮೇಲೆ ಜನ ದುಡ್ಡು ಕೊಡುವುದಕ್ಕೆ ಉಳಿದಿರುವುದು ಒಂದೇ ಒಂದು ಬಾಬ್ತು. ಅದರ ಹೆಸರು ಖುಷಿ.

ಲಂಚ ಎಂಬ ಶಬ್ದವನ್ನು ಹೆರಿಗೆ ವಾರ್ಡಿನಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅದಕ್ಕೆ ಖರ್ಚು ಎನ್ನುತ್ತಾರೆ, ರಸ್ತೆಯಲ್ಲಿ ಮಾಮೂಲು ಎನ್ನುತ್ತಾರೆ, ಕಡತ ಮುಂದಕ್ಕೆ ಸರಿಯಬೇಕಾದಲ್ಲಿ ಕಾಫಿ ತಿಂಡಿ ಎನ್ನುತ್ತಾರೆ. ಹೆರಿಗೆ ವಾರ್ಡು ಮಾತ್ರ ಇವೆಲ್ಲವನ್ನೂ ಮೀರಿ ಮನುಷ್ಯನ ಅತ್ಯುನ್ನತ ಭಾವವೊಂದನ್ನೇ ಆರಿಸಿಕೊಂಡಿದೆ. ‘ಖುಷಿಗೆ ಕೊಡಿ’ ಎಂಬ ವಾಕ್ಯದಲ್ಲಿ ಖುಷಿ ಕೊಡುವವರದೋ ಪಡೆಯುವವರದೋ ಎಂಬುದನ್ನು ವ್ಯಾಕರಣ ಬಲ್ಲವರೂ ಬಿಡಿಸಿ ಹೇಳಲಾರರು.

ಮಧ್ಯಾಹ್ನ ಮೂರರ ಸುಮಾರಿಗೆ ಆಪರೇಷನ್ ಥಿಯೇಟರಿನ ಬಾಗಿಲು ಅರ್ಧ ತೆರೆದು ಆಯಮ್ಮ ಹೊರಬಂದರು. ಅವರ ತೋಳಿನಲ್ಲಿದ್ದದ್ದು, ಅಮ್ಮ ಎರಡು ತಿಂಗಳಿಂದ ಒಗೆದೊಗೆದು ಮೆತ್ತಗೆ ಮಾಡಿಟ್ಟಿದ್ದ ಅಪ್ಪನ ಹಳೆಯ ಪಂಚೆಯ ಗಂಟು. ಗಂಟಿನ ಒಂದು ತುದಿಯಲ್ಲಿ ಮುದುರಿದ ಮುಖ, ಇನ್ನೊಂದು ತುದಿಯಲ್ಲಿ ಒಂದು ಕೆಂಪು ಹಿಮ್ಮಡಿ. ನಡುವಿನ ಭಾಗದಲ್ಲಿ ಬಟ್ಟೆಯ ಅಂಚನ್ನು ಆಯಮ್ಮ ಹೆಬ್ಬೆರಳಿನಿಂದ ಭದ್ರವಾಗಿ ಒತ್ತಿ ಹಿಡಿದಿದ್ದರು.

‘ಏನಮ್ಮಾ, ಯಾವ ಮಗು?’ ಎಂದು ಅಮ್ಮ ಕೇಳಿದಳು.

‘ಖುಷಿ ಪಡ್ಸಿ, ಹೇಳ್ತೀನಿ.’

ಅಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ ಇನ್ನೂರರ ನೋಟು ಕೊಟ್ಟಳು. ಆಯಮ್ಮ ಅದನ್ನು ನೋಡಿದ ರೀತಿ, ಬಸ್ಸಿನ ಕಂಡಕ್ಟರು ಹರಿದ ನೋಟನ್ನು ನೋಡುವ ರೀತಿಯದು. ‘ಬೆಳಿಗ್ಗೆಯಿಂದ ನಿಂತಿದೀನಿ ಕಣಮ್ಮಾ’ ಎಂದರು. ನಾನು ನಡುವೆ ಬಂದು ಐದು ನೂರು ಮಾಡಿದೆ. ಹೆಬ್ಬೆರಳು ಸಡಿಲವಾಯಿತು. ‘ಮಹಾಲಕ್ಷ್ಮಿ ಬಂದವ್ಳೆ. ಗಂಡಾಗಿದ್ರೆ ಸಾವಿರಕ್ಕೆ ಕಮ್ಮಿ ಮುಟ್ತಿರಲಿಲ್ಲ ನಾನು.’

ಈ ಮಾತುಕತೆ ನಡೆಯುತ್ತಿದ್ದಾಗ ನಮ್ಮ ತಲೆಯ ಮೇಲಿದ್ದ ಫಲಕವನ್ನು ನಾನು ಎರಡು ಬಾರಿ ಓದಿದೆ. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ. ಅದು ಶಿಕ್ಷಾರ್ಹ ಅಪರಾಧ.’ 1994ರ ಕಾಯ್ದೆಯ ಪ್ರಕಾರ, ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಹೇಳಿದವರಿಗೆ 3 ವರ್ಷದವರೆಗೆ ಜೈಲು, 10,000 ರೂಪಾಯಿಯವರೆಗೆ ದಂಡ. ಹೀಗೆ ಒಂಬತ್ತು ತಿಂಗಳು ಕಾನೂನು ಕಾಪಾಡಿಕೊಂಡು ಬಂದ ಗುಟ್ಟನ್ನು ಕೊನೆಯ ಒಂಬತ್ತು ಗಜ ದೂರದಲ್ಲಿ, ಅಂದರೆ ಥಿಯೇಟರಿನ ಮೇಜಿನಿಂದ ಬಾಗಿಲಿನವರೆಗೆ, ಆಯಮ್ಮನ ಹೆಬ್ಬೆರಳು ಕಾಪಾಡುತ್ತದೆ. ಹುಟ್ಟುವ ಮುನ್ನ ಹೇಳಿದರೆ ಜೈಲು. ಹುಟ್ಟಿದ ಮೇಲೆ ಪುಕ್ಕಟೆಯಾಗಿ ಹೇಳಿದರೆ ದಡ್ಡತನ.

ಹೆಣ್ಣಿಗೆ ಅರ್ಧ ದರ ಎಂಬುದನ್ನು ಕೇಳಿ ನನ್ನ ಪ್ರಗತಿಪರ ಮನಸ್ಸು ಮೊದಲು ಕುದಿಯಿತೆಂಬುದು ನಿಜ. ಆಮೇಲೆ ಕೂತು ಲೆಕ್ಕ ಹಾಕಿದಾಗ ಇದರೊಳಗಿನ ಆರ್ಥಿಕ ನೀತಿ ಅರ್ಥವಾಯಿತು. ಬಿಪಿಎಲ್ ಕಾರ್ಡಿರುವ ಹಳ್ಳಿಯ ಹೆಣ್ಣುಮಗಳು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಯೋಜನೆಯಿಂದ ನಮ್ಮ ರಾಜ್ಯದಲ್ಲಿ 700 ರೂಪಾಯಿ ಬರುತ್ತದೆ. ಗಂಡು ಹುಟ್ಟಿದ ಪಕ್ಕದ ಮಂಚದವರು ಸಾವಿರ ಕೊಟ್ಟು ಮುನ್ನೂರು ರೂಪಾಯಿ ನಷ್ಟ ಅನುಭವಿಸಿದರು. ಹೆಣ್ಣು ಹುಟ್ಟಿದ ನಾವು ಐನೂರು ಕೊಟ್ಟು ಇನ್ನೂರು ರೂಪಾಯಿ ಲಾಭದಲ್ಲಿದ್ದೆವು. ಹೆಣ್ಣುಮಗು ಹೊರೆಯಲ್ಲವೆಂದು ಜನರಿಗೆ ತಿಳಿಹೇಳಲು ಸರ್ಕಾರಗಳು ಎಷ್ಟೋ ಭಿತ್ತಿಚಿತ್ರ, ಬಾಂಡು, ಘೋಷಣೆಗಳನ್ನು ತಂದಿವೆ. ಅಂಗೈಯಲ್ಲಿ ರೊಕ್ಕ ಎಣಿಸಿ ತೋರಿಸಿದ್ದು ನಮ್ಮ ಆಯಮ್ಮ ಮಾತ್ರ.

ಆ ಇನ್ನೂರು ರೂಪಾಯಿ ಲಾಭ ಸಂಜೆಯವರೆಗೂ ಬಾಳಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಸ್ಟ್ರೆಚರ್ ತಳ್ಳಿದವನು ಥಿಯೇಟರಿನಿಂದ ವಾರ್ಡಿಗೆ ನೂರು ಎಂದ. ಆಟೋದವರಂತೆ ಮೀಟರಿನ ಮೇಲೆ ಕೇಳದಿದ್ದುದಕ್ಕೆ ನಾನು ಕೃತಜ್ಞನಾದೆ. ಮಗುವಿಗೆ ನೀರು ಹಾಕಿದವರಿಗೆ ಬೇರೆ, ಬಾಣಂತಿಯ ಬಟ್ಟೆ ಬದಲಿಸಿದವರಿಗೆ ಬೇರೆ, ಭೇಟಿಯ ಹೊತ್ತು ಮುಗಿದ ಮೇಲೆ ಅಜ್ಜಿಯನ್ನು ಒಳಗೆ ಬಿಡುವ ಕಾವಲುಗಾರನಿಗೆ ಬೇರೆ. ಪ್ರತಿ ಪಾಳಿಗೂ ಖುಷಿ ಹೊಸದಾಗಿ ಹುಟ್ಟುತ್ತದೆ, ರಾತ್ರಿ ಪಾಳಿಯವರಿಗೆ ಹಗಲು ಪಾಳಿಯವರ ಖುಷಿ ಲೆಕ್ಕಕ್ಕಿಲ್ಲ. ಚಿಲ್ಲರೆ ಇಲ್ಲವೆಂದು ನಾನು ಒಮ್ಮೆ ಜಾಣತನ ತೋರಿದಾಗ, ‘ಫೋನ್‌ಪೇ ಬೇಡ ಸಾರ್, ಅದ್ರಲ್ಲಿ ಹೆಸ್ರು ಬರುತ್ತೆ’ ಎಂಬ ಉತ್ತರ ಬಂತು.

ಇದರ ವಿರುದ್ಧ ಕಾನೂನಿಲ್ಲವೇ ಎಂದು ನೀವು ಕೇಳಬಹುದು. ಇದೆ, ಮತ್ತು ಅದು ಬಾಣಂತಿಯರ ವಿಷಯದಲ್ಲಿ ವಿಶೇಷ ಕಾಳಜಿಯಿಂದ ರೂಪುಗೊಂಡಂತಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವರೂ ಅಪರಾಧಿಗಳೇ, 7 ವರ್ಷದವರೆಗೆ ಶಿಕ್ಷೆ. ಬಲವಂತಕ್ಕೆ ಸಿಕ್ಕಿ ಕೊಟ್ಟವರಿಗೆ ವಿನಾಯಿತಿಯುಂಟು. ಆದರೆ ಕೊಟ್ಟ 7 ದಿನಗಳೊಳಗೆ ಅವರು ತನಿಖಾ ಸಂಸ್ಥೆಗೆ ತಿಳಿಸಿರಬೇಕು. ಸಿಸೇರಿಯನ್ ಆದವರಿಗೆ ಆಸ್ಪತ್ರೆಯ ಉಚಿತ ಊಟವೂ ಸರಿಯಾಗಿ 7 ದಿನ. ಅಂದರೆ ಯಾರ ಮೇಲೆ ದೂರು ಕೊಡಬೇಕೋ ಅವರ ಕೈಯಲ್ಲೇ ಬಾಣಂತಿಯ ಬೆಡ್‌ಪ್ಯಾನ್, ಬಿಸಿನೀರು, ಬೆಳಗಿನ ಹಾಲು ಇರುವಷ್ಟು ದಿನ ದೂರಿನ ಅವಧಿ ಚಾಲ್ತಿಯಲ್ಲಿರುತ್ತದೆ. ಹೊಲಿಗೆ ಬಿಚ್ಚಿ, ಮಗುವನ್ನೆತ್ತಿಕೊಂಡು ಹೊರಬಂದು, ಇನ್ನು ಯಾರ ಹಂಗೂ ಇಲ್ಲವೆಂದು ಉಸಿರು ಬಿಡುವ ಹೊತ್ತಿಗೆ ಸಂತ್ರಸ್ತರು ಅಪರಾಧಿಗಳಾಗಿ ಬಡ್ತಿ ಪಡೆದಿರುತ್ತಾರೆ. ಎರಡು ಬೇರೆ ಬೇರೆ ಇಲಾಖೆಗಳು ಒಂದೇ ಅಂಕಿಗೆ ಬಂದು ನಿಂತದ್ದು ಈ ದೇಶದಲ್ಲಿ ಅಪರೂಪ.

ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರಲ್ಲಿ, ಲಂಚ ಕೊಟ್ಟವರು ಬಂದು ಬರೆದಿಡಲೆಂದು ಒಂದು ಜಾಲತಾಣವನ್ನೇ ತೆರೆದಿತ್ತು. ನನ್ನ ಅಮ್ಮನನ್ನು ಕೇಳಿದರೆ ತಾನು ಜನ್ಮದಲ್ಲಿ ಯಾರಿಗೂ ಲಂಚ ಕೊಟ್ಟಿಲ್ಲವೆಂದು ದೇವರ ಮುಂದೆ ಕರ್ಪೂರ ಹಚ್ಚಿ ಹೇಳುತ್ತಾಳೆ. ಮೊಮ್ಮಗಳ ಮುಖ ಮೊದಲು ತೋರಿಸಿದವಳನ್ನು ಬರಿಗೈಯಲ್ಲಿ ಕಳಿಸಬಾರದು, ಅಷ್ಟೆ.

ಅಮ್ಮನ ಮಾತಿನಲ್ಲಿ ಅರ್ಧ ನಿಜವೂ ಇದೆ, ಮತ್ತು ಆ ಅರ್ಧವೇ ನನಗೆ ಹೆಚ್ಚು ನಾಚಿಕೆ ತಂದದ್ದು. ಮೂರನೆಯ ದಿನ ರಾತ್ರಿ ವರಾಂಡದಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಆಯಮ್ಮನನ್ನು ಮಾತಿಗೆಳೆದಾಗ, ಅವರು ಆಸ್ಪತ್ರೆಯ ನೌಕರರೇ ಅಲ್ಲವೆಂದು ತಿಳಿಯಿತು. ಅವರು ಗುತ್ತಿಗೆದಾರನ ಆಳು. ಆ ಗುತ್ತಿಗೆದಾರನ ಮುಖವನ್ನು ಅವರು ನೋಡಿಲ್ಲ. ಸಂಬಳ ಬಂದು ಮೂರು ತಿಂಗಳಾಗಿತ್ತು. ರಕ್ತ, ನೆತ್ತರುಬಟ್ಟೆ, ಮಾಸು ಎತ್ತುವ ಕೆಲಸಕ್ಕೆ ಕೊಡಬೇಕಾದ ಕೂಲಿಯನ್ನು ಸರ್ಕಾರ ಹೀಗೆ ನಾಜೂಕಾಗಿ ಮಗುವಿನ ಸೋದರಮಾವನ ಜೇಬಿಗೆ ವರ್ಗಾಯಿಸಿ, ಗೋಡೆಯ ಮೇಲೆ ‘ಉಚಿತ’ ಎಂದು ಬಣ್ಣದಲ್ಲಿ ಬರೆಸಿದೆ. ಬಣ್ಣ ಬಳಿದವನ ಬಿಲ್ಲು ಮಾತ್ರ ಸಕಾಲಕ್ಕೆ ಪಾಸಾಗಿರಬೇಕು.

ಮೊದಲ ಹೆರಿಗೆಯೆಂದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ತಂಗಿಗೆ 5,000 ರೂಪಾಯಿ ಬರಬೇಕಿದೆ. ಕಂತಿನಲ್ಲಿ ಬರುವ ಆ ಹಣದ ಕೊನೆಯ 2,000ಕ್ಕೆ ಮಗುವಿನ ಜನನ ನೋಂದಣಿಯಾಗಿರಬೇಕು, ಮೊದಲ ಸುತ್ತಿನ ಲಸಿಕೆ ಮುಗಿದಿರಬೇಕು. ಸರ್ಕಾರದ ವಂದನೆಗೆ ಷರತ್ತುಗಳಿವೆ, ವಾರ್ಡಿನ ವಂದನೆ ಸ್ಥಳದಲ್ಲೇ ವಸೂಲಿ.

ಎಂಟನೆಯ ದಿನ ನಗು-ಮಗು ವಾಹನದಲ್ಲಿ ಉಚಿತವಾಗಿ ಮನೆಗೆ ಬಂದೆವು; ಡ್ರೈವರನಿಗೆ ಮಗು ನಕ್ಕಂತೆ ಕಂಡದ್ದರಿಂದ ಇನ್ನೂರು ಹೋಯಿತು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬಂದ ತಂಗಿಯ ಗಂಡ, ಒಟ್ಟು ಎಷ್ಟಾಯಿತೆಂದು ಸಂಕೋಚದಿಂದ ಕೇಳಿದರು. ಅಮ್ಮ ಏನೂ ಆಗಲಿಲ್ಲವೆಂದಳು, ಸರ್ಕಾರಿ ಆಸ್ಪತ್ರೆಯಲ್ಲವೇ. ಆಮೇಲೆ ಹೋಳಿಗೆಗೆ ತುಪ್ಪ ಬಡಿಸುತ್ತ ಮೆಲ್ಲಗೆ ಸೇರಿಸಿದಳು: ‘ಎರಡನೇದು ನಿಮ್ಮ ಊರಲ್ಲಿ ತಾನೇ, ಅಳಿಯಂದ್ರೇ? ಅಲ್ಲಿ ಗಂಡಿಗೆಷ್ಟು, ಹೆಣ್ಣಿಗೆಷ್ಟು ಅಂತ ಈಗಲೇ ಒಂದ್ಸಲ ವಿಚಾರಿಸಿಡಿ.’